‘ದ ಹಂಗರ್ ಗೇಮ್ಸ್’: ಹಸಿವು ಮೊದಲು, ಪ್ರೀತಿ ಆಮೇಲೆ

ಸುಝಾನ್ ಕಾಲಿನ್ಸ್ ಬರೆದ ‘ದ ಹಂಗರ್ ಗೇಮ್ಸ್’ ಬಂದಿದ್ದು 2008ರಲ್ಲಿ. ಆಮೇಲೆ ಅದೇ ದಾರಿ ಹಿಡಿದು ಯಂಗ್ ಅಡಲ್ಟ್, ಅಂದರೆ ಹದಿಹರೆಯದವರಿಗಾಗಿ ಬರೆದ, ಸೈನ್ಸ್ ಫಿಕ್ಷನ್ ಕಾದಂಬರಿಗಳು ಸಾಲು ಸಾಲಾಗಿ ಬಂದವು. ಆದರೂ ‘ಪ್ರೀತಿಯೂ ಇರಬೇಕು, ಜೀವ ಉಳಿಸಿಕೊಳ್ಳುವ ಹೋರಾಟವೂ ಇರಬೇಕು, ಯಾವುದು ಓದಲಿ?’ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಇದರಲ್ಲಿ ಇವೆರಡನ್ನೂ ಬಿಡಿಸಿ ನೋಡೋಕೆ ಆಗುವುದಿಲ್ಲ. ಊಟ, ಔಷಧ ಸಿಗಬೇಕಾದರೆ ಪ್ರೀತಿಸಬೇಕು, ಇಲ್ಲವೇ ಪ್ರೀತಿಸುವ ಹಾಗಾದರೂ ಕಾಣಬೇಕು.

(ಮೊದಲ ಪುಸ್ತಕದ ನಡುವಿನ ಭಾಗ ಇಲ್ಲಿ ಬರುತ್ತದೆ. ಕೊನೆ ಏನಾಗುತ್ತದೆ ಅಂತ ಹೇಳಿಲ್ಲ.)

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಪಾನೆಮ್ ಅನ್ನುವ ದೇಶ, ಅದರಲ್ಲಿ 12 ಡಿಸ್ಟ್ರಿಕ್ಟ್‌ಗಳು. ಒಂದೊಂದರಿಂದ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿ. ಒಟ್ಟು 24 ಮಕ್ಕಳನ್ನು ಅರೀನಾದೊಳಗೆ ಬಿಡುತ್ತಾರೆ, ಕೊನೆಗೆ ಉಳಿಯಬೇಕಾದದ್ದು ಒಬ್ಬರೇ. ಇಡೀ ದೇಶ ಟಿವಿಯಲ್ಲಿ ನೋಡುತ್ತದೆ. ಚೀಟಿ ಎತ್ತಿದಾಗ ತಂಗಿಯ ಹೆಸರು ಬಂದರೆ 16 ವರ್ಷದ ಕ್ಯಾಟ್ನಿಸ್ ತಾನೇ ಮುಂದೆ ಬರುತ್ತಾಳೆ. ಜೊತೆಗೆ ಹೋಗುವವನು ಬೇಕರಿಯವರ ಮನೆಯ ಹುಡುಗ ಪೀಟಾ. ಆಟ ಶುರುವಾಗುವ ಮುಂಚೆ ಟಿವಿ ಸಂದರ್ಶನದಲ್ಲಿ ಅವನು ಅವಳನ್ನು ಪ್ರೀತಿಸುತ್ತೇನೆ ಅಂತ ಎಲ್ಲರೆದುರೂ ಹೇಳಿಬಿಡುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ. ಬರದೇ ಇರುತ್ತದಾ? ಇಬ್ಬರಲ್ಲಿ ಒಬ್ಬರು ಸಾಯಲೇಬೇಕಲ್ಲ.

ಅರೀನಾದ ಹೊರಗಿನಿಂದ ಸ್ಪಾನ್ಸರ್‌ಗಳು ದುಡ್ಡು ಕೊಟ್ಟರೆ ಬೇಕಾದ ವಸ್ತು ಬೆಳ್ಳಿ ಬಣ್ಣದ ಪ್ಯಾರಾಚೂಟ್‌ನಲ್ಲಿ ಇಳಿಯುತ್ತದೆ. ಏನು ಕಳಿಸಬೇಕು, ಯಾವಾಗ ಕಳಿಸಬೇಕು ಅಂತ ತೀರ್ಮಾನ ಮಾಡುವವನು ಅವರ ಮಾರ್ಗದರ್ಶಕ ಹೇಮಿಚ್. ಕಾಲಿನ್ಸ್ ಈ ಒಂದು ವ್ಯವಸ್ಥೆಯಿಂದಲೇ ಇಡೀ ಪ್ರೇಮಕಥೆ ಕಟ್ಟಿದ್ದಾರೆ, ಅದೂ ತುಂಬ ಜಾಣತನದಿಂದ.

ಎರಡು ಜಾಗ ಹೇಳುತ್ತೇನೆ. ಮೊದಲನೆಯದು ಶುರುವಿನಲ್ಲಿ. ಕ್ಯಾಟ್ನಿಸ್‌ಗೆ ನೀರು ಸಿಕ್ಕಿಲ್ಲ, ಕಾಲು ಏಳುತ್ತಿಲ್ಲ, ಹೇಮಿಚ್‌ಗೆ ಕೇಳಿಸಲಿ ಅಂತ ನೀರು ಬೇಕು ಅನ್ನುತ್ತಾಳೆ. ಏನೂ ಬರುವುದಿಲ್ಲ. ಮೊದಲು ಬೇಜಾರು, ಆಮೇಲೆ ತಲೆ ಓಡುತ್ತದೆ: ಅವನು ಕಳಿಸುತ್ತಿಲ್ಲ ಅಂದರೆ ನೀರು ಹತ್ತಿರದಲ್ಲೇ ಇರಬೇಕು. ತೆವಳಿಕೊಂಡೇ ಮುಂದೆ ಹೋಗುತ್ತಾಳೆ, ಕೆಸರು ಕೈಗೆ ತಾಕುತ್ತದೆ. ಅಲ್ಲಿಂದ ಮುಂದಿನದು ನನಗೆ ಇನ್ನೂ ಇಷ್ಟ. ಗಂಟಲು ಒಣಗಿ ಸಾಯುವಂತಾಗಿದ್ದರೂ ಅವಳು ನೀರಿಗೆ ಬಾಯಿ ಹಾಕುವುದಿಲ್ಲ, ಬಾಟಲಿಗೆ ತುಂಬಿ, ಶುದ್ಧವಾಗಲಿ ಅಂತ ಅಯೋಡಿನ್ ಹನಿ ಹಾಕಿ, ಅರ್ಧ ಗಂಟೆ ಕಾಯುತ್ತಾಳೆ. ಆ ಕಾಯುವಿಕೆಯಲ್ಲೇ ಅವಳು ಎಂಥವಳು ಅಂತ ಗೊತ್ತಾಗಿಬಿಡುತ್ತದೆ.

ಎರಡನೆಯದು ಗುಹೆ. ಪೀಟಾನ ಕಾಲಿಗೆ ಕತ್ತಿ ಏಟು ಬಿದ್ದು ಗಾಯ ಕೆಟ್ಟಿದೆ, ಜ್ವರ ಏರಿದೆ. ಅವನನ್ನು ಸುಮ್ಮನಿರಿಸಬೇಕು ಅಂತ ಅವಳು ಒಂದು ಮುತ್ತು ಕೊಡುತ್ತಾಳೆ. ಹೊರಗೆ ಪ್ಯಾರಾಚೂಟ್ ಬಂದಿದೆ, ಅದರಲ್ಲಿ ಒಂದು ಪಾತ್ರೆ ಬಿಸಿ ಸಾರು. ನೀರಿನ ಸಲ ಏನೂ ಕಳಿಸದೆ ಮಾತಾಡಿದ ಮನುಷ್ಯ ಈ ಸಲ ಕಳಿಸಿ ಮಾತಾಡಿದ್ದಾನೆ. ಒಂದು ಮುತ್ತಿಗೆ ಒಂದು ಪಾತ್ರೆ ಸಾರು. ಅವಳಿಗೆ ಲೆಕ್ಕ ಅರ್ಥವಾಗುತ್ತದೆ, ಅವಳು ಆಟ ಶುರುಮಾಡುತ್ತಾಳೆ. ಆದರೆ ಪೀಟಾ ಆಟ ಆಡುತ್ತಿಲ್ಲ. ಐದು ವರ್ಷದವಳಿದ್ದಾಗ ಅವಳು ಸ್ಕೂಲಲ್ಲಿ ಹಾಡಿದ್ದು, ಅವತ್ತು ಕೂದಲಿಗೆ ಎರಡು ಜಡೆ ಹಾಕಿದ್ದು, ಎಲ್ಲಾ ಅವನಿಗೆ ನೆನಪಿದೆ. ಅದನ್ನು ಕೇಳುತ್ತಾ ಕೇಳುತ್ತಾ ಅವಳಿಗೇ ತನ್ನದು ಎಷ್ಟು ನಟನೆ, ಎಷ್ಟು ನಿಜ ಅಂತ ತಿಳಿಯದಾಗುತ್ತದೆ. ಕಥೆ ಹೇಳುತ್ತಿರುವವಳೂ ಅವಳೇ, ಅದೂ ಈ ಕ್ಷಣ ನಡೆಯುತ್ತಿರುವ ಹಾಗೆ, ಹಾಗಾಗಿ ಅವಳಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ.

ಅದಾದ ಮೇಲೆ ಔಷಧ ತರಲು ಅವಳು ಹೊರಗೆ ಹೋಗಬೇಕು. ಹೋದರೆ ಸಾಯಬಹುದು. ಅವನು ಬಿಡುವುದಿಲ್ಲ. ಆಗ ನಿದ್ದೆ ಬರಿಸುವ ಸಿರಪ್ಪನ್ನು ಹಣ್ಣಿನ ಜೊತೆ ಕಲಸಿ ತಿನ್ನಿಸುತ್ತಾಳೆ, ಅವನಿಗೆ ಗೊತ್ತಾಗುವಷ್ಟರಲ್ಲಿ ಉಗುಳದ ಹಾಗೆ ಬಾಯಿ ಮೂಗು ಅದುಮಿ ಹಿಡಿಯುತ್ತಾಳೆ. ಇಡೀ ಪುಸ್ತಕದ ಅತ್ಯುತ್ತಮ ಪ್ರೇಮದ ದೃಶ್ಯ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಮುತ್ತಿನ ದೃಶ್ಯಗಳಲ್ಲಿ ಕ್ಯಾಮೆರಾದ ನೆನಪು ಅವಳಿಗೆ ಇದ್ದೇ ಇರುತ್ತದೆ. ಇಲ್ಲಿ ಅವಳಿಗೆ ಅವನು ಬದುಕಬೇಕು, ಅಷ್ಟೇ.

ತಕರಾರು ಇಲ್ಲವೇ ಅಂದರೆ ಇದೆ. ಗೇಲ್ ಅನ್ನುವ ಗೆಳೆಯನನ್ನು ಮೊದಲ ಪುಸ್ತಕದಲ್ಲಿ ನಾವು ಸರಿಯಾಗಿ ನೋಡುವುದೇ ಇಲ್ಲ, ಮುಂದೆ ಅವನನ್ನು ಪೀಟಾಗೆ ಸಮನಾಗಿ ನಿಲ್ಲಿಸಿದಾಗ ತೂಕ ಸಾಲುವುದಿಲ್ಲ. ಇಬ್ಬರಲ್ಲಿ ಯಾರು ಅನ್ನುವ ಪ್ರಶ್ನೆ ಎರಡನೇ ಪುಸ್ತಕದ ಮೊದಲರ್ಧವನ್ನು ಜಾಸ್ತಿಯೇ ಎಳೆದಿದೆ. 2010ರಲ್ಲಿ ಬಂದ ಮೂರನೆಯದು ಪೂರ್ತಿ ಯುದ್ಧ, ಅದರ ಕೊನೆಯ ಕೆಲವು ಅಧ್ಯಾಯಗಳಲ್ಲಿ ದೊಡ್ಡ ದೊಡ್ಡ ಸಾವುಗಳೂ ಸರಸರ ಅಂತ ದಾಟಿಹೋಗುತ್ತವೆ.

ಇದರ ಜೊತೆ ಇಟ್ಟು ನೋಡಲು ಇನ್ನೆರಡು ಇವೆ. ರಿಕ್ ಯಾನ್ಸಿಯ ‘ದ ಫಿಫ್ತ್ ವೇವ್’ (2013) ಶುರುವಾಗುವ ರೀತಿಗೆ ಮೈ ಜುಮ್ ಅನ್ನುತ್ತದೆ. ಅನ್ಯಗ್ರಹದವರು ಬಂದಿದ್ದಾರೆ, ಕರೆಂಟ್ ಹೋಗಿದೆ, ಸಮುದ್ರ ನುಗ್ಗಿದೆ, ರೋಗ ಹರಡಿದೆ, ಈಗ ಮನುಷ್ಯರಂತೆ ಕಾಣುವವರೇ ಕೊಲ್ಲುತ್ತಿದ್ದಾರೆ. ಗಾಯಗೊಂಡ ಸೈನಿಕನ ಕೈಯಲ್ಲಿ ಏನೋ ಹೊಳೆಯಿತು ಅಂತ ಕ್ಯಾಸಿ ಗುಂಡು ಹಾರಿಸುತ್ತಾಳೆ, ನೋಡಿದರೆ ಅದು ಶಿಲುಬೆ. ಅಂಥ ಹುಡುಗಿ ಇವಾನ್ ಎಂಬುವನ ಮನೆಯಲ್ಲಿ ಕಣ್ಣು ಬಿಟ್ಟ ಮೇಲೆ ಅವಳ ಅನುಮಾನ ಇಷ್ಟು ಬೇಗ ಮೆತ್ತಗಾಗಬಾರದಿತ್ತು. ಬಿಸಿನೀರು, ಊಟ, ಆರೈಕೆ ಎಲ್ಲವೂ ಕೇಳದೆಯೇ ಸಿಗುತ್ತದೆ, ಪ್ರೀತಿಸಿದ್ದಕ್ಕೆ ಅವಳು ತೆರಬೇಕಾದ ಬೆಲೆ ತುಂಬ ಹೊತ್ತು ಕಾಣಿಸುವುದೇ ಇಲ್ಲ.

ಆಮಿ ಕಾಫ್ಮನ್ ಮತ್ತು ಮೇಗನ್ ಸ್ಪೂನರ್ ಸೇರಿ ಬರೆದ ‘ದೀಸ್ ಬ್ರೋಕನ್ ಸ್ಟಾರ್ಸ್’ ಬಂದಿದ್ದೂ ಅದೇ ವರ್ಷ, ಪ್ರೀತಿಯ ವಿಷಯದಲ್ಲಿ ಅದು ಮೇಲು. ಇಕಾರಸ್ ಅನ್ನುವ ಬಾಹ್ಯಾಕಾಶ ಹಡಗು ಗೊತ್ತಿಲ್ಲದ ಗ್ರಹಕ್ಕೆ ಅಪ್ಪಳಿಸಿ, ಶ್ರೀಮಂತನ ಮಗಳು ಲೈಲಾಕ್ ಮತ್ತು ಸೈನಿಕ ಟಾರ್ವರ್ ಇಬ್ಬರೇ ಉಳಿಯುತ್ತಾರೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಪಾರ್ಟಿಗೆ ಹಾಕಿದ ಚಪ್ಪಲಿಯಲ್ಲೇ ಅವಳು ಕಾಡಲ್ಲಿ ನಡೆಯುತ್ತಾಳೆ, ನೋವಾದರೂ ಬಾಯಿ ಬಿಡುವುದಿಲ್ಲ, ಅವನು ಗಮನಿಸುತ್ತಾನೆ. ಇಬ್ಬರೂ ಸರದಿಯಲ್ಲಿ ಕಥೆ ಹೇಳುವುದರಿಂದ ಅದೇ ನಡಿಗೆ ಎರಡು ಕಡೆಯಿಂದ ಕಾಣುತ್ತದೆ. ನಿಧಾನ ಇದೆ, ಆದರೆ ಆ ನಿಧಾನ ಬೇಕು. ಗ್ರಹದ ರಹಸ್ಯ ಬಿಚ್ಚುವ ಕೊನೆಯ ಭಾಗ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ.

ಹಂಗರ್ ಗೇಮ್ಸ್ ಕೈಗೆತ್ತಿಕೊಳ್ಳುವವರಿಗೆ ಒಂದು ಮಾತು. ಸಿನಿಮಾ ನೋಡಿದ್ದೇವಲ್ಲ ಅಂತ ಬಿಡಬೇಡಿ, ಗುಹೆಯಲ್ಲಿ ಕ್ಯಾಟ್ನಿಸ್ ತಲೆಯೊಳಗೆ ನಡೆಯುವ ಲೆಕ್ಕಾಚಾರ ಪುಸ್ತಕದಲ್ಲೇ ಓದಬೇಕು. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆ ಇದು, ಚಿಕ್ಕವರ ಕೈಗೆ ಕೊಡುವ ಮುಂಚೆ ದೊಡ್ಡವರು ಒಮ್ಮೆ ಓದಿ ನೋಡುವುದು ಒಳ್ಳೆಯದು. ಮೊದಲನೆಯದನ್ನು ಒಂದೇ ಪುಸ್ತಕ ಅಂತ ಓದಿ ನಿಲ್ಲಿಸಬಹುದು. ಎರಡನೆಯದು ಶುರುಮಾಡಿದರೆ ಮಾತ್ರ ಮೂರನೆಯದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ಎರಡನೆಯದರ ಕಥೆ ಅರ್ಧಕ್ಕೇ ನಿಲ್ಲುತ್ತದೆ.