ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಬಿಟ್ಟು ಕನ್ಸಲ್ಟಿಂಗ್‌ಗೆ ಹೋಗುವವರು ಸಹಿ ಹಾಕುವ ಮೊದಲು ಓದಿ

ಹೋದ ತಿಂಗಳು ಇಬ್ಬರು ಹುಡುಗರು ಫೋನ್ ಮಾಡಿ ಒಂದೇ ಮಾತು ಕೇಳಿದರು: "ಸರ್, ಪೋಸ್ಟ್‌ಡಾಕ್ ಸಾಕಾಯ್ತು, ಕನ್ಸಲ್ಟಿಂಗ್‌ಗೆ ಹೋಗೋಣ ಅಂತಿದೀನಿ, ಏನಂತೀರಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. (ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿದ ಮೇಲಿನ ತಾತ್ಕಾಲಿಕ ಸಂಶೋಧನೆಯ ಕೆಲಸ, ಕನ್ಸಲ್ಟಿಂಗ್ ಅಂದರೆ ಬೇರೆ ಕಂಪನಿಗಳಿಗೆ ಸಲಹೆ ಕೊಡುವ ಕೆಲಸ.) ಕಂಪನಿಯ ಹೆಸರು ಕೇಳಬೇಡಿ. ಹೇಳಿದರೆ ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಅರ್ಜಿ ಹಾಕುತ್ತೀರಿ, ಗುಂಡಿ ಅಲ್ಲೂ ಇರುತ್ತದೆ.

ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮುಗಿಸಿ ಎರಡು ವರ್ಷದ ಫೆಲೋಶಿಪ್ ಮೇಲೆ ಮ್ಯೂನಿಕ್‌ಗೆ ಬಂದವನು ನಾನು. ಲ್ಯಾಬ್‌ನಲ್ಲಿ ಎಲ್ಲರದೂ ಇಂಗ್ಲಿಷೇ. ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಜರ್ಮನ್ ಇದ್ದರೆ ದಿನ ಕಳೆಯುತ್ತಿತ್ತು. ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆ ಸಿಗುವುದು ಎಷ್ಟು ಕಷ್ಟ ಅಂತ ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ ಒಂದು ಕನ್ಸಲ್ಟಿಂಗ್ ಕಂಪನಿಯವರು ಪಿಎಚ್‌ಡಿ ಆದವರಿಗೆಂದೇ ಒಂದು ಕಾರ್ಯಕ್ರಮ ಇಟ್ಟು ದೊಡ್ಡ ಹೋಟೆಲಿಗೆ ಕರೆದರು. ಮರುಳಾದೆ. ಮೂರು ತಿಂಗಳು ಕೇಸ್ ಇಂಟರ್‌ವ್ಯೂ ಅಭ್ಯಾಸ. ಒಂದು ಊರಿನಲ್ಲಿ ವರ್ಷಕ್ಕೆ ಎಷ್ಟು ಟೈರ್ ಮಾರಾಟವಾಗುತ್ತವೆ ಅಂತ ಗೋಡೆ ನೋಡಿಕೊಂಡು ಗಟ್ಟಿಯಾಗಿ ಲೆಕ್ಕ ಹಾಕುವುದು. ನಡೆದದ್ದು ಐದು ಇಂಟರ್‌ವ್ಯೂ, ಐದೂ ಇಂಗ್ಲಿಷ್‌ನಲ್ಲಿ. ನನಗೆ ಜರ್ಮನ್ ಅಷ್ಟಕ್ಕಷ್ಟೇ ಅಂದೆ. "ತೊಂದರೆಯಿಲ್ಲ, ನಿಧಾನಕ್ಕೆ ಕಲಿಯಿರಿ" ಅಂದರು. ಫೋನಿನಲ್ಲಿ ಅಂದದ್ದು, ಅದನ್ನು ನೆನಪಿಡಿ.

ಕನ್ಸಲ್ಟಿಂಗ್‌ನಲ್ಲಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಒಂದೊಂದು ಪ್ರಾಜೆಕ್ಟಿಗೂ ನಿಮ್ಮನ್ನು ಯಾರಾದರೂ ಆರಿಸಿಕೊಳ್ಳಬೇಕು. ಆರಿಸದಿದ್ದರೆ ಬೆಂಚ್, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತ ಕೂರುವುದು. (ಬೆಂಗಳೂರಿನ ಐಟಿಯವರಿಗೆ ಈ ಪದ ಹೊಸದಲ್ಲ.) ನನ್ನ ಮೊದಲ ಪ್ರಾಜೆಕ್ಟ್ ಫ್ರಾಂಕ್‌ಫರ್ಟ್‌ನ ಒಂದು ಔಷಧ ಕಂಪನಿಯದು. ಸೋಮವಾರ ನಸುಕಿಗೆ ರೈಲು, ಗುರುವಾರ ರಾತ್ರಿ ವಾಪಸ್. ಸ್ಲೈಡಿನ ಅಡಿಯಲ್ಲಿ "ಈ ದತ್ತಾಂಶಕ್ಕೆ ಇಂಥ ಮಿತಿಗಳಿವೆ" ಅಂತ ಬರೆದಿದ್ದೆ, ಲ್ಯಾಬ್‌ನ ಅಭ್ಯಾಸ. ಮ್ಯಾನೇಜರ್ ಅಳಿಸಿ, "ಗ್ರಾಹಕರು ದುಡ್ಡು ಕೊಡೋದು ನಿನ್ನ ಅನುಮಾನಕ್ಕಲ್ಲ" ಅಂದಳು. ಚುರುಕ್ ಅಂತು, ಆದರೆ ಕಲಿತೆ. ಅಂಥದ್ದೆಲ್ಲ ಕಲಿಯಬಹುದು.

ಮುಂದಿನ ಪ್ರಾಜೆಕ್ಟುಗಳೆಲ್ಲ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದ ಕಡೆಯ ಯಂತ್ರ ತಯಾರಿಸುವ ಮನೆತನದ ಕಂಪನಿಗಳದ್ದು. ಶಾಪ್ ಫ್ಲೋರಿನಲ್ಲಿ ನಿಂತು ಮೇಸ್ತ್ರಿಯ ಹತ್ತಿರ ಮಾತಾಡಬೇಕು, ಅವನು ಜರ್ಮನ್ ಬಿಟ್ಟು ಬೇರೆ ಆಡುವುದಿಲ್ಲ. ಮೂರು ಸಲ ನನ್ನ ಹೆಸರು ಮುಂದೆ ಹೋಗಿ ಮೂರು ಸಲವೂ ಅದೇ ಉತ್ತರ ಬಂತು: ಗ್ರಾಹಕರು ಜರ್ಮನ್ ಬಲ್ಲವರನ್ನೇ ಕೇಳಿದ್ದಾರೆ. ಹತ್ತು ವಾರ ಬೆಂಚ್ ಮೇಲೆ ಕೂತು ಬೇರೆಯವರ ಸ್ಲೈಡ್ ತಿದ್ದಿದೆ. ಮೌಲ್ಯಮಾಪನದಲ್ಲಿ ಬರೆದದ್ದು, "ಪ್ರಾಜೆಕ್ಟ್ ಅನುಭವ ಸಾಲದು". ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಐದನೇ ತಿಂಗಳ ಕೊನೆಗೆ ಕೋಣೆಗೆ ಕರೆದು ಪತ್ರ ಕೈಗಿತ್ತರು. ಇಮೇಲ್‌ನಲ್ಲಿ ಕೆಲಸದಿಂದ ತೆಗೆದರೆ ಜರ್ಮನಿಯಲ್ಲಿ ಕಾನೂನು ಒಪ್ಪುವುದಿಲ್ಲ, ಸಹಿ ಮಾಡಿದ ಕಾಗದವೇ ಬೇಕು. ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಅಷ್ಟರೊಳಗೆ 2 ವಾರದ ನೋಟಿಸ್ ಸಾಕು, ಕಾರಣ ಹೇಳಬೇಕಿಲ್ಲ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ನಿಜವಾದ ಪೆಟ್ಟು ಬಿದ್ದದ್ದು ಉದ್ಯೋಗ ಕಚೇರಿಯಲ್ಲಿ. ನಿರುದ್ಯೋಗ ಭತ್ಯೆ ಬೇಕಾದರೆ ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. ಫೆಲೋಶಿಪ್ ಅಂದರೆ ಕಾನೂನಿನ ಲೆಕ್ಕದಲ್ಲಿ ನೌಕರಿಯೇ ಅಲ್ಲ. ನಿರುದ್ಯೋಗ ವಿಮೆಯೂ ಇಲ್ಲ, ಪಿಂಚಣಿಗೂ ಒಂದು ಸೆಂಟ್ ಹೋಗಿರುವುದಿಲ್ಲ. ಏನೂ ಕಡಿತವಾಗದೆ ದುಡ್ಡು ಬರುತ್ತದೆ ಅಂತ ಎರಡು ವರ್ಷ ಹಿಗ್ಗಿದ್ದವನು ನಾನೇ. ಕಿಟಕಿಯಾಚೆಯ ಹೆಂಗಸು ಕಂಪ್ಯೂಟರ್ ನೋಡಿ "ಐದೇ ತಿಂಗಳು" ಅಂದರು. ಅದೇ ಲ್ಯಾಬ್‌ನಲ್ಲಿ ವಿಶ್ವವಿದ್ಯಾಲಯದ ಸಂಬಳದ ಒಪ್ಪಂದದಲ್ಲಿದ್ದ ಗೆಳೆಯನಿಗಾಗಿದ್ದರೆ ಭತ್ಯೆ ಸಿಗುತ್ತಿತ್ತು. ಮಾಡುತ್ತಿದ್ದದ್ದು ಇಬ್ಬರೂ ಒಂದೇ ಕೆಲಸ.

ಮೇಲೆ ವೀಸಾ. ಬ್ಲೂ ಕಾರ್ಡ್ (ಹೊರದೇಶದ ನುರಿತ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದ್ದವರು ಕೆಲಸ ಹೋದದ್ದು ಗೊತ್ತಾದ 2 ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಆಮೇಲೆ ಹೊಸ ಕೆಲಸ ಹುಡುಕಲು ಗಡಿಯಾರ ಓಡುತ್ತದೆ. ಅಮ್ಮನಿಗೆ ಒಂದು ತಿಂಗಳು "ರಜೆಯಲ್ಲಿದೀನಿ" ಅಂತ ಸುಳ್ಳು ಹೇಳಿದೆ. "ಇಷ್ಟು ದಿನ ಯಾವ ಕಂಪ್ನಿನೋ ರಜ ಕೊಡೋದು?" ಅಂದಳು, ಅಲ್ಲಿಗೆ ಮುಗೀತು. ಸೇರುವಾಗ ಕೊಟ್ಟ ಬೋನಸ್ಸನ್ನೂ ವಾಪಸ್ ಕೇಳಿದರು. ಕಾರ್ಮಿಕ ಕಾನೂನಿನ ವಕೀಲರಿಂದ ಒಂದು ಪತ್ರ ಹೋದ ಮೇಲೆ ಸುಮ್ಮನಾದರು. ನೀವು ಹೆದರಿ ಕಟ್ಟಿಬಿಡಬೇಡಿ, ಮೊದಲು ವಕೀಲರಿಗೆ ತೋರಿಸಿ.

ಫೆಲೋಶಿಪ್ ಮೇಲಿರುವವರು ಮೊದಲ ವರ್ಷ ತುಂಬುವವರೆಗೆ ಭತ್ಯೆ ಇಲ್ಲ ಅಂತಲೇ ಲೆಕ್ಕ ಹಾಕಿ, ಆರು ತಿಂಗಳ ಬಾಡಿಗೆ ಬದಿಗಿಟ್ಟು ಹೋಗಿ. ಪ್ರೊಬೇಷನ್ ಕಡಿಮೆ ಮಾಡಿ ಅಂತ ಕೇಳಬಹುದು, ಕಾನೂನು ತಡೆಯುವುದಿಲ್ಲ. ನಾನು ಸಂಕೋಚಪಟ್ಟು ಕೇಳಲಿಲ್ಲ. ಕಂಪನಿಯವರನ್ನು, ಹೋದ ವರ್ಷ ನಿಮ್ಮ ಆಫೀಸಿನಲ್ಲಿ ಜರ್ಮನ್ ಬಾರದ ಎಷ್ಟು ಜನ ಎಷ್ಟು ವಾರ ಪ್ರಾಜೆಕ್ಟಿನಲ್ಲಿದ್ದರು ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ.

ನಾನೀಗ ಒಂದು ಸಣ್ಣ ಊರಿನ ಬಣ್ಣದ ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೇನೆ. ಸಂಬಳ ಕಡಿಮೆ, ಆದರೆ ಮಿತಿಗಳನ್ನು ಬರೆದರೆ ಯಾರೂ ಅಳಿಸುವುದಿಲ್ಲ. ಸಂಜೆ ಏಳಕ್ಕೆ ಜರ್ಮನ್ ಬಿ2 (ಮಧ್ಯಮಕ್ಕಿಂತ ಮೇಲಿನ ಮಟ್ಟ) ತರಗತಿ ಇರುತ್ತದೆ, ಮೆಸೇಜ್ ಹಾಕಿದವರಿಗೆ ಅದು ಮುಗಿದ ಮೇಲೆ ಉತ್ತರಿಸುತ್ತೇನೆ.