ಸಿಂಗಪುರದ ಹಡಗುಯಾನಕ್ಕೆ ಕಾಗದಪತ್ರ ಮಾಡಿಸಿಕೊಟ್ಟ ಏಜೆನ್ಸಿ: ಐದಕ್ಕೆ ಎರಡೂವರೆ ಅಂಕ

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಮತ್ತು ಪಿನಾಂಗ್ ಬಂದರುಗಳನ್ನು ಮುಟ್ಟಿ ಮತ್ತೆ ಸಿಂಗಪುರಕ್ಕೇ ಮರಳುವ ನಾಲ್ಕು ರಾತ್ರಿಯ ಹಡಗುಯಾನಕ್ಕೆ ನಾನು, ನನ್ನ ಪತ್ನಿ, ಹನ್ನೊಂದು ವರ್ಷದ ಮಗಳು ಮತ್ತು ಎಪ್ಪತ್ತೆರಡು ದಾಟಿದ ನನ್ನ ತಾಯಿ ಕಳೆದ ಡಿಸೆಂಬರಿನಲ್ಲಿ ಹೋಗಿಬಂದೆವು. ಹಡಗಿನ ಊಟ, ಈಜುಕೊಳ, ರಾತ್ರಿಯ ಪ್ರದರ್ಶನಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಈ ವಿಮರ್ಶೆ, ಪ್ರಯಾಣಕ್ಕೆ ಬೇಕಾದ ಸಕಲ ದಾಖಲೆಗಳನ್ನೂ ಸಿದ್ಧಪಡಿಸಿಕೊಡುತ್ತೇವೆಂದು ಹೇಳಿ ತಲಾ 1,500 ರೂಪಾಯಿ ಸೇವಾ ಶುಲ್ಕ ಪಡೆದ ಬೆಂಗಳೂರಿನ ಏಜೆನ್ಸಿಯೊಂದರ ಕೆಲಸದ ಕುರಿತಾದದ್ದು. ಹೆಸರನ್ನು ಬೇಕೆಂದೇ ಬರೆದಿಲ್ಲ. ಅವರು ಮಾಡಿದ ಮುಖ್ಯ ತಪ್ಪನ್ನು ಸರಿಯೆಂದೇ ನಂಬಿರುವವರು ನನಗೆ ಇನ್ನೆರಡು ಕಡೆಯೂ ಸಿಕ್ಕರು.

ಮೊದಲು ಮೆಚ್ಚುಗೆಯ ಮಾತು. ಹಣದ ವಿಷಯ ಎತ್ತುವ ಮುನ್ನವೇ ಅಲ್ಲಿನ ಹುಡುಗಿಯೊಬ್ಬಳು ನಾಲ್ಕೂ ಪಾಸ್‌ಪೋರ್ಟ್‌ಗಳನ್ನು ಕೇಳಿ ಪಡೆದು, ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ಮುಕ್ತಾಯದ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಮಗಳ ಪಾಸ್‌ಪೋರ್ಟ್ ಮುಗಿಯಲು ಪ್ರಯಾಣದ ದಿನದಿಂದ ನಾಲ್ಕೇ ತಿಂಗಳಿತ್ತು. ನಮ್ಮದು ಹತ್ತು ವರ್ಷ ಬಾಳಿಕೆ ಬರುವುದರಿಂದ, ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ ಎಂಬುದು ನಮ್ಮ ತಲೆಯಲ್ಲಿ ಇರಲೇ ಇಲ್ಲ. ಸಿಂಗಪುರಕ್ಕೂ ಮಲೇಷ್ಯಾಕ್ಕೂ ಆರು ತಿಂಗಳ ಅವಧಿ ಉಳಿದಿರಬೇಕು. ಇಂಥ ಯಾನದಲ್ಲಿ ಸಿಂಗಪುರಕ್ಕೆ ಎರಡು ಸಲ ಕಾಲಿಡುವುದರಿಂದ, ಆ ಆರು ತಿಂಗಳನ್ನು ಎರಡನೆಯ ಸಲದ ದಿನದಿಂದ ಎಣಿಸಿಕೊಳ್ಳುವುದು ಕ್ಷೇಮವೆಂದೂ ಅವಳೇ ಹೇಳಿದಳು. ಇಬ್ಬರೂ ಪೋಷಕರ ಸಹಿಯಿರುವ ಅನುಬಂಧ ಡಿ ಎಂಬ ಘೋಷಣಾ ಪತ್ರದ ಸಮೇತ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ, 1,000 ರೂಪಾಯಿ ಶುಲ್ಕದಲ್ಲಿ ಮಗಳದ್ದನ್ನು ಹೊಸದಾಗಿ ಮಾಡಿಸಿದೆವು. ತತ್ಕಾಲ್‌ಗೆಂದು ಮೇಲೆ 2,000 ತೆರುವ ಪ್ರಮೇಯ ಬರಲಿಲ್ಲ.

ಅವಳು ಹಿಡಿದ ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ನನ್ನ ತಾಯಿಯ ಆಧಾರ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಾದರೋ ಸರ್‌ನೇಮ್ ಎಂಬ ಕಾಲಂ ಖಾಲಿಯಿದ್ದು, ಕೆಳಗಿನ ಕಾಲಂನಲ್ಲಿ ಒಂಟಿ ಹೆಸರು ಮಾತ್ರ ಅಚ್ಚಾಗಿದೆ. ಇನಿಷಿಯಲ್ ಎಂದರೆ ಊರೋ, ತಂದೆಯೋ, ಗಂಡನೋ ಎಂಬುದು ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಇರುವ ನಮ್ಮ ಕಡೆ ಇದೇನೂ ಅಪರೂಪವಲ್ಲ. ಹಡಗಿನ ಟಿಕೆಟ್ ಕಾಯ್ದಿರಿಸುವಾಗ ಸರ್‌ನೇಮ್ ಕಡ್ಡಾಯವೆಂದು ಕೇಳಿದ್ದರಿಂದ ನಾನು ಆಧಾರ್ ನೋಡಿ ಇನಿಷಿಯಲನ್ನೇ ತುಂಬಿಸಿಬಿಟ್ಟಿದ್ದೆ. ಹುಡುಗಿ ಪಾಸ್‌ಪೋರ್ಟ್‌ನ ಫೋಟೊ ಪುಟದ ಅಡಿಯಲ್ಲಿ ತಲಾ 44 ಅಕ್ಷರಸ್ಥಾನಗಳಿರುವ ಎರಡು ಸಾಲುಗಳ ಮೇಲೆ ಪೆನ್ನಿನ ತುದಿ ಆಡಿಸುತ್ತಾ, “ಯಂತ್ರ ಓದೋದು ಇದನ್ನ ಸರ್, ಆಧಾರ್ ಅಲ್ಲ” ಎಂದಳು. ಹಡಗು ಕಂಪನಿಗೆ ಮಿಂಚಂಚೆ ಬರೆದು, ಅವರ ಸೂಚನೆಯಂತೆ ಎರಡೂ ಕಾಲಂಗಳಲ್ಲಿ ಅದೇ ಹೆಸರನ್ನು ತುಂಬಿಸಿ, ಟಿಕೆಟನ್ನು ಪಾಸ್‌ಪೋರ್ಟ್‌ಗೆ ಹೊಂದಿಸಿಕೊಟ್ಟಳು. ದುಬೈನಿಂದ ಹೊರಡುವ ಹಡಗಾಗಿದ್ದರೆ ಇಷ್ಟು ಸುಲಭದಲ್ಲಿ ಮುಗಿಯುತ್ತಿರಲಿಲ್ಲ; 2022ರ ನವೆಂಬರಿನಿಂದ ಯುಎಇ ಒಂಟಿ ಹೆಸರಿನ ಪ್ರವಾಸಿಗರ ವಿಷಯದಲ್ಲಿ ಬಿಗಿಯಾಗಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ವೀಸಾ ವಿಭಾಗ ಬೇರೆಯವರದ್ದು. ಭಾರತೀಯರಿಗೆ ಸಿಂಗಪುರದ ವೀಸಾ ಬೇಕೇ ಬೇಕು. ಶುಲ್ಕ 30 ಸಿಂಗಪುರ ಡಾಲರ್, ಒಮ್ಮೆ ಕಟ್ಟಿದರೆ ಹಿಂದಿರುಗುವುದಿಲ್ಲ. ಹಡಗುಯಾನಿಗಳು ಕಣ್ಣಿಟ್ಟು ನೋಡಬೇಕಾದದ್ದು ಆ ವೀಸಾದಲ್ಲಿ ಎಷ್ಟು ಪ್ರವೇಶಕ್ಕೆ ಅನುಮತಿಯಿದೆ ಎಂಬುದನ್ನು. ವಿಮಾನದಲ್ಲಿ ಸಿಂಗಪುರದ ಚಾಂಗಿ ನಿಲ್ದಾಣಕ್ಕೆ ಬಂದಿಳಿದಾಗ ಒಂದು ಪ್ರವೇಶ ಮುಗಿಯುತ್ತದೆ. ಹಡಗು ಹತ್ತುವಾಗ ನಾವು ದೇಶ ಬಿಟ್ಟಂತೆ, ನಾಲ್ಕು ದಿನ ಕಳೆದು ಅದೇ ಬಂದರಿಗೆ ಮರಳಿದಾಗ ಎರಡನೆಯ ಸಲ ದೇಶ ಹೊಕ್ಕಂತೆ. ಏಜೆನ್ಸಿಯವರು ಅರ್ಜಿಯೊಂದಿಗೆ ವಿಮಾನದ ಟಿಕೆಟ್ ಮತ್ತು ಹೋಟೆಲಿನ ರಸೀದಿಯನ್ನಷ್ಟೇ ಲಗತ್ತಿಸಿದ್ದರು, ಹಡಗಿನ ಟಿಕೆಟ್ ಸೇರಿಸಿರಲಿಲ್ಲ. ಮೂವರಿಗೆ ಬಹು ಪ್ರವೇಶದ ವೀಸಾ ಬಂದಿತು, ತಾಯಿಯವರಿಗೆ ಮಾತ್ರ ಒಂದೇ ಪ್ರವೇಶದ್ದು. ಮುದ್ರಿಸಿದ ಹಾಳೆಯಲ್ಲಿ “ಸಿಂಗಲ್ ಜರ್ನಿ” ಎಂಬ ಎರಡು ಪದಗಳನ್ನು ನಾನು ಕಂಡದ್ದು ಹೊರಡಲು ಒಂಬತ್ತು ದಿನವಿದ್ದಾಗ, ಅದೂ ಕಡತಕ್ಕೆ ರಂಧ್ರ ಹಾಕುವ ಹೊತ್ತಿಗೆ.

ಫೋನ್ ಮಾಡಿದೆ. “ಏನೂ ಆಗಲ್ಲ ಸರ್, ಹಡಗು ಹೋಗಿ ವಾಪಸ್ ಅಲ್ಲಿಗೇ ತಾನೆ ಬರೋದು, ಒಂದೇ ಟ್ರಿಪ್ ಲೆಕ್ಕ” ಎಂಬ ಉತ್ತರ ಬಂದಿತು. ಮೇಲೆ ಹೇಳಿದ ಇನ್ನೆರಡು ಕಡೆಯವರೂ ಇದನ್ನೇ ಹೇಳಿದ್ದರು. ಹಡಗು ಕಂಪನಿ ಕಳುಹಿಸಿದ್ದ ಷರತ್ತುಗಳ ಹಾಳೆಯಲ್ಲಿ ಬಹು ಪ್ರವೇಶದ ವೀಸಾ ಇಲ್ಲದವರನ್ನು ಹತ್ತಿಸಿಕೊಳ್ಳುವುದಿಲ್ಲ, ಹಣವನ್ನೂ ಮರಳಿಸುವುದಿಲ್ಲ ಎಂಬ ಸಾಲಿತ್ತು. ಅದಕ್ಕೆ ಅಡಿಗೆರೆ ಎಳೆದು ಕಳುಹಿಸಿದ ಬಳಿಕವಷ್ಟೇ ಹೊಸ ಅರ್ಜಿ ಹಾಕಿದರು. ಈ ಸಲ ಹಡಗಿನ ಟಿಕೆಟ್ ಲಗತ್ತಾಗಿತ್ತು, ಸರಿಯಾದ ವೀಸಾ ಕೆಲಸದ ನಾಲ್ಕನೆಯ ದಿನ ಕೈಸೇರಿತು. ಎರಡನೆಯ 30 ಡಾಲರ್ ನನ್ನ ಜೇಬಿನಿಂದಲೇ ಹೋಯಿತು. ಯಾವ ಬಗೆಯ ವೀಸಾ ಕೊಡಬೇಕೆಂಬುದು ಸಿಂಗಪುರದ ವಲಸೆ ಪ್ರಾಧಿಕಾರದ ವಿವೇಚನೆಗೆ ಬಿಟ್ಟದ್ದು ಎಂಬ ಅವರ ಸಮಜಾಯಿಷಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ವಿವೇಚಿಸಲು ಬೇಕಾದ ಕಾಗದವನ್ನೇ ಅವರು ಕೊಟ್ಟಿರಲಿಲ್ಲ. ಎರಡು ವಾರ ವಾದಿಸಿದ ಮೇಲೆ ತಾಯಿಯವರ ಪಾಲಿನ ಸೇವಾ ಶುಲ್ಕವನ್ನು ಹಿಂದಿರುಗಿಸಿದರು.

ಮಲೇಷ್ಯಾದ ಭಾಗ ಸಲೀಸು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಅಲ್ಲಿ 30 ದಿನಗಳವರೆಗೆ ವೀಸಾ ವಿನಾಯಿತಿಯಿದೆ, ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರ ತುಂಬಿದರೆ ಸಾಕು. ಸಿಂಗಪುರದ ಆಗಮನ ಪತ್ರವೂ ಇದೇ ಬಗೆಯದು, ಎರಡಕ್ಕೂ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಈ ಪತ್ರಗಳನ್ನು ಏಜೆನ್ಸಿಯವರೇ ತುಂಬಿದರು, ಆದರೆ ಮಿಂಚಂಚೆಯ ಜಾಗದಲ್ಲಿ ತಮ್ಮ ಕಚೇರಿಯ ವಿಳಾಸ ಕೊಟ್ಟರು. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದೆಂಬ ಅನುಮತಿ ಇ-ಪಾಸ್ ಎಂಬ ಹೆಸರಿನಲ್ಲಿ ನಾವು ಕೊಟ್ಟ ಮಿಂಚಂಚೆಗೆ ಹೋಗುತ್ತದೆ. ನಾವು ಚಾಂಗಿಯಲ್ಲಿ ಇಳಿದ ರಾತ್ರಿ ನಮ್ಮ ನಾಲ್ಕು ಇ-ಪಾಸ್‌ಗಳು ಬೆಂಗಳೂರಿನ ಬೀಗ ಹಾಕಿದ ಕಚೇರಿಯೊಂದರ ಕಂಪ್ಯೂಟರಿಗೆ ಬಂದು ಬಿದ್ದಿದ್ದವು. ಮರಳುವ ದಿನದ ಸಿಂಗಪುರ ಪತ್ರವನ್ನು ಇನ್ನೊಮ್ಮೆ ತುಂಬಬೇಕೆಂಬುದನ್ನು ಅವರು ಹೇಳಿರಲಿಲ್ಲ. ಹಡಗಿನ ಸ್ವಾಗತ ಕಟ್ಟೆಯಲ್ಲಿ ಅಂಟಿಸಿದ್ದ ಸೂಚನೆ ಓದಿ ನಾನೇ ತುಂಬಿದೆ, ನನ್ನ ಮಿಂಚಂಚೆ ಕೊಟ್ಟು.

ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ತಪಾಸಣೆ ನಿರೀಕ್ಷಿಸಿದ್ದಕ್ಕಿಂತ ಬೇಗ ಮುಗಿಯಿತು. ಕಟ್ಟೆಯ ಹಿಂದಿದ್ದ ಹೆಂಗಸು ಪಾಸ್‌ಪೋರ್ಟ್ ತಿರುವಿ, ವೀಸಾದ ಹಾಳೆ ಎತ್ತಿಕೊಂಡು, ಬೇರೇನನ್ನೂ ಓದದೆ ನೇರವಾಗಿ “ಮಲ್ಟಿಪಲ್” ಎಂಬ ಪದದ ಮೇಲೆ ಬೆರಳಿಟ್ಟಳು. ನಾಲ್ಕು ಹಾಳೆ, ನಾಲ್ಕು ಸಲ ಅದೇ ಬೆರಳು. ಪಕ್ಕದ ಸಾಲಿನಲ್ಲಿ ವಯಸ್ಸಾದ ದಂಪತಿ ತಮ್ಮ ಪಾಸ್‌ಪೋರ್ಟ್‌ಗಳನ್ನು ಸೂಟ್‌ಕೇಸಿನೊಳಗಿಟ್ಟು, ಸೂಟ್‌ಕೇಸನ್ನು ಬಾಗಿಲಲ್ಲೇ ಸಾಮಾನಿನವರಿಗೆ ಒಪ್ಪಿಸಿಬಿಟ್ಟಿದ್ದರು. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದರೂ ಒಪ್ಪದೆ ಅವರನ್ನು ಬದಿಗೆ ಕೂರಿಸಿದ್ದರು. ನಮ್ಮ ಪಾಸ್‌ಪೋರ್ಟ್‌ಗಳನ್ನು ಹಡಗಿನವರು ರಸೀದಿ ಕೊಟ್ಟು ತಮ್ಮ ಬಳಿ ಇಟ್ಟುಕೊಂಡರು, ಪಿನಾಂಗಿನಲ್ಲಿ ಇಳಿದಾಗ ಹಡಗಿನ ಕಾರ್ಡ್ ಮತ್ತು ಪಾಸ್‌ಪೋರ್ಟ್‌ನ ಜೆರಾಕ್ಸ್ ಜೊತೆಗಿತ್ತು. ಜೆರಾಕ್ಸ್ ಮಾಡಿಸಿಕೊಳ್ಳಿರೆಂದು ಮೊದಲೇ ಹೇಳಿದ್ದು ಆ ಹುಡುಗಿಯೇ.

ಹಾಗಾಗಿ ಎರಡೂವರೆ ಅಂಕ; ಆ ಎರಡೂವರೆಯೂ ಪಾಸ್‌ಪೋರ್ಟ್ ಮೇಜಿಗೆ ಸಲ್ಲಬೇಕಾದದ್ದು. ಮನೆಯಲ್ಲಿ ಒಂಟಿ ಹೆಸರಿನವರು, ಮಕ್ಕಳು, ಹಳೆಯ ದಾಖಲೆಗಳ ಗೋಜಲು ಇದ್ದವರಿಗೆ 1,500 ರೂಪಾಯಿ ದುಬಾರಿಯಲ್ಲ. ಆದರೆ ವೀಸಾ ಅರ್ಜಿ ಸಲ್ಲಿಸುವ ಮುನ್ನ ಹಡಗಿನ ಟಿಕೆಟ್ ಲಗತ್ತಾಗಿದೆಯೇ, ಮಿಂಚಂಚೆ ವಿಳಾಸ ಯಾರದ್ದು ಎಂಬೆರಡನ್ನು ಅವರ ಪರದೆಯ ಮೇಲೆ ನೀವೇ ನೋಡಿ. ಮುಂಬಯಿಯಿಂದ ಗೋವಾ, ಕೊಚ್ಚಿಯ ಕಡೆಗೆ ಹೋಗುವ ದೇಶದೊಳಗಿನ ಹಡಗುಗಳಿಗೆ ಇಂಥ ಸೇವೆಯ ಅಗತ್ಯ ನನಗೆ ಕಾಣದು; ಅಲ್ಲಿ ಪಾಸ್‌ಪೋರ್ಟ್ ಬೇಡ, ಆಧಾರ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಮಾತ್ರ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಮುಂದಿನ ವರ್ಷ ತಾಯಿಯವರಿಗೆ ಅಲ್ಲಿಗೆ ಹೋಗುವ ಆಸೆಯಿದೆ, ಟಿಕೆಟನ್ನು ಆಧಾರ್‌ನಲ್ಲಿರುವಂತೆ ಇನಿಷಿಯಲ್ ಸಮೇತ ನಾನೇ ಕಾಯ್ದಿರಿಸುವವನಿದ್ದೇನೆ.