ಸಿಗರೇಟು ಸೇದಿದವರು ಯಾರೋ, ಕಾರು ತಿಕ್ಕಿದವನು ನಾನು

ಹೋದ ಜನವರಿಯಲ್ಲಿ ಸೆಕೆಂಡ್ ಹ್ಯಾಂಡ್ ಐ20 ತಗೊಂಡೆ. 2016ರ ಗಾಡಿ. ಇಂಜಿನ್ ಚೆನ್ನಾಗಿತ್ತು, ಟೈರ್ ಹೊಸದು, ರೇಟೂ ಸರಿಯಿತ್ತು. ನೋಡೋಕೆ ಹೋಗಿದ್ದು ಬೆಳಿಗ್ಗೆ ಎಂಟು ಗಂಟೆಗೆ. ನಾಲ್ಕೂ ಗ್ಲಾಸ್ ಇಳಿಸಿಟ್ಟಿದ್ದರು, ಒಳಗೆ ನಿಂಬೆ ಪರ್ಫ್ಯೂಮ್ ಘಮಘಮ ಅಂತಿತ್ತು. ಎಷ್ಟು ನೀಟಾಗಿ ಇಟ್ಟುಕೊಂಡಿದ್ದಾರಲ್ಲ ಅಂತ ಖುಷಿಪಟ್ಟು ಅಡ್ವಾನ್ಸ್ ಕೊಟ್ಟು ಬಂದೆ. ಈಗಾದರೆ ಗ್ಲಾಸ್ ಏರಿಸಿ ಒಂದು ಗಂಟೆ ಬಿಸಿಲಿಗೆ ಬಿಡಿ, ಆಮೇಲೆ ಒಳಗೆ ಕೂರ್ತೀನಿ ಅಂತ ಹೇಳುತ್ತಿದ್ದೆ.

ಮೂರನೇ ದಿನ ಅಮ್ಮನನ್ನು ಕೂರಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟೆ. ಗಾಜನೂರು ದಾಟುವಷ್ಟರಲ್ಲಿ ಬಿಸಿಲು ಏರಿತು, ಏಸಿ ಹಾಕಿದೆ. ಅಮ್ಮ ಸೆರಗು ಮೂಗಿಗೆ ಹಿಡಿದರು. "ಏನೋ ಇದು, ಬಸ್‌ಸ್ಟ್ಯಾಂಡ್ ಬೀಡಿ ಅಂಗಡಿ ಪಕ್ಕ ಕೂತಂಗಾಗ್ತಿದೆ" ಅಂದರು. ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಲೇಬೇಕಾಯಿತು. ಅವರಿಗೆ ಮೊದಲೇ ಕಾರು, ಬಸ್ಸು ಅಂದರೆ ವಾಂತಿ. ಅದಕ್ಕೆ ಹಳೆ ಸಿಗರೇಟಿನ ನಾತವೂ ಸೇರಿದರೆ ಕೇಳಬೇಕಾ?

ಅಲ್ಲಿಂದ ಶುರುವಾಯಿತು ನೋಡಿ. ಸುಮಾರು ಮೂರು ತಿಂಗಳು ಒಂದಾದ ಮೇಲೊಂದು ಮದ್ದು ಮಾಡಿದೆ. ನನ್ನ ಮೂಗನ್ನು ನಂಬುವ ಹಾಗಿರಲಿಲ್ಲ, ದಿನಾ ಓಡಿಸಿ ಓಡಿಸಿ ಅದು ಒಗ್ಗಿಹೋಗಿತ್ತು. ಹಾಗಾಗಿ ಜಡ್ಜ್ ನನ್ನ ಹೆಂಡತಿ. ಹಾಲು ಒಡೆಯುವ ಮೊದಲೇ ವಾಸನೆಯಲ್ಲಿ ಕಂಡುಹಿಡಿಯುವ ಪೈಕಿ ಅವಳು. ಪ್ರತಿ ಸಲ ಗ್ಲಾಸ್ ಮುಚ್ಚಿ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸುವುದು, ಮಧ್ಯಾಹ್ನ ಮೂರಕ್ಕೆ ಅವಳು ಬಾಗಿಲು ತೆಗೆದು ಮೂಗು ಒಳಗೆ ಹಾಕಿ ಹತ್ತಕ್ಕೆ ಇಷ್ಟು ಅಂತ ಹೇಳುವುದು. ಮೊದಲ ದಿನದ ನಂಬರು ಒಂಬತ್ತು. "ಹತ್ತು ಯಾಕಿಲ್ಲ?" ಅಂದೆ. "ಒಳಗೆ ಯಾರೂ ಸೇದ್ತಾ ಕೂತಿಲ್ಲವಲ್ಲ, ಅದಕ್ಕೆ" ಅಂದಳು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ, ಪರ್ಫ್ಯೂಮ್. 350 ರೂಪಾಯಿಯ ಜೆಲ್ ಡಬ್ಬಿ ಒಂದು, ಕನ್ನಡಿಗೆ ನೇತುಹಾಕುವ ಸಣ್ಣ ಮರದ ಬಾಟಲಿ ಒಂದು. ನಂಬರು ಒಂಬತ್ತರಿಂದ ಒಂಬತ್ತಕ್ಕೇ ಬಂತು. "ಈಗ ಸಿಗರೇಟು ಸೇದೋನು ಸೆಂಟೂ ಹಾಕ್ಕೊಂಡಿದ್ದಾನೆ" ಅನ್ನುವುದು ತೀರ್ಪು. ಜೊತೆಗೆ ತಲೆನೋವು ಫ್ರೀ.

ಅತ್ತೆ ಸಾಂಬ್ರಾಣಿ ಹಾಕಿ ಅಂದರು. ಆಯುಧಪೂಜೆಗೆ ಹಾಕುವ ಹಾಗೆ ಧೂಪದ ಬಟ್ಟಲು ಹಿಡಿದು ಕಾರಿನೊಳಗೆಲ್ಲ ಆಡಿಸಿದೆ. ಹೊಗೆಯ ವಾಸನೆ ಓಡಿಸಲು ಇನ್ನೊಂದು ಹೊಗೆ! ಎರಡು ದಿನ ದೇವಸ್ಥಾನದಲ್ಲಿ ಕೂತಂತಿತ್ತು, ಮೂರನೇ ದಿನ ಹಳೆ ಗಿರಾಕಿ ವಾಪಸ್. ಯೋಚಿಸಿದರೆ, ಧೂಪದ ಹೊಗೆಯೂ ಅದೇ ಸೀಲಿಂಗ್ ಬಟ್ಟೆಗೆ ಹೋಗಿ ಅಂಟಿಕೊಳ್ಳುತ್ತದೆ, ಅಲ್ವಾ? ಕರ್ಪೂರದ ಬಿಲ್ಲೆ, ಬಟ್ಟಲಲ್ಲಿ ಕಾಫಿಪುಡಿ, ಲಾವಂಚದ ಬೇರಿನ ಕಟ್ಟು ಇವೂ ಇದೇ ಜಾತಿ. ಲಾವಂಚ ಮಾತ್ರ ಇನ್ನೂ ಡ್ಯಾಶ್‌ಬೋರ್ಡ್ ಮೇಲಿದೆ. ವಾಸನೆ ಹೋಗಲಿ ಅಂತಲ್ಲ, ನನಗೆ ಇಷ್ಟ ಅಂತ.

ಆಮೇಲೆ ಇದ್ದಿಲು. ಮೊದಲು ದುಡ್ಡು ಉಳಿಸೋಣ ಅಂತ ಇಸ್ತ್ರಿ ಅಂಗಡಿಯಿಂದ ಒಂದು ಬುಟ್ಟಿ ತಂದಿಟ್ಟೆ. ವಾಸನೆ ಹಾಗೇ ಇತ್ತು, ಮ್ಯಾಟ್ ಕಪ್ಪಾಯಿತು. ಬೇಕಾಗಿದ್ದು ಬೇರೆ ಮಾಲು, ಆಕ್ಟಿವೇಟೆಡ್ ಚಾರ್ಕೋಲ್. ಇದ್ದಿಲನ್ನು ಮತ್ತೆ ವಿಪರೀತ ಬಿಸಿಯಲ್ಲಿ ಹದ ಮಾಡಿ, ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರ ಬರುವ ಹಾಗೆ ಮಾಡಿರುತ್ತಾರೆ. ಗಾಳಿಯಲ್ಲಿರುವ ವಾಸನೆ ಆ ರಂಧ್ರಗಳಿಗೆ ಹೋಗಿ ಕೂರುತ್ತದೆ. ನಾಲ್ಕು ಚೀಲಕ್ಕೆ 400 ರೂಪಾಯಿ ಕೊಟ್ಟು ಸೀಟಿನ ಕೆಳಗೆ ಇಟ್ಟೆ. ಎರಡು ವಾರಕ್ಕೆ ಎಂಟಾಯಿತು. ಸುಳ್ಳಲ್ಲ, ಕೆಲಸ ಮಾಡುತ್ತದೆ. ಆದರೆ ಗಾಳಿ ತಾನಾಗಿ ಅದರ ಹತ್ತಿರ ಬರಬೇಕು, ಅದು ಎದ್ದು ಹೋಗಿ ವಾಸನೆ ಹಿಡಿಯುವುದಿಲ್ಲ.

ಫೆಬ್ರವರಿ ಕೊನೆಗೆ ತಾಳ್ಮೆ ಕೆಟ್ಟು ಓಜೋನ್ ಮಾಡಿಸಿದೆ. 1,200 ರೂಪಾಯಿ. ಕಾರಿನೊಳಗೆ ಓಜೋನ್ ಅನಿಲ ಬಿಡುವ ಒಂದು ಪೆಟ್ಟಿಗೆ ಇಟ್ಟು, ಏಸಿಯನ್ನು ಒಳಗಿನ ಗಾಳಿಯೇ ಸುತ್ತುವ ಹಾಗೆ ಹಾಕಿ, ಬಾಗಿಲು ಮುಚ್ಚಿ ನಲವತ್ತು ನಿಮಿಷ ಬಿಟ್ಟರು. ಆಮೇಲೆ ಬಾಗಿಲು ತೆಗೆದರೆ ಜೆರಾಕ್ಸ್ ಅಂಗಡಿಯಲ್ಲಿ ಬರುತ್ತದಲ್ಲ, ಆ ವಾಸನೆ. ಸಂಜೆ ನೋಡಿದರೆ ಸಿಗರೇಟಿನ ಸುಳಿವೇ ಇಲ್ಲ! ಹೆಂಡತಿ ಎರಡು ಕೊಟ್ಟಳು. ಊರಿಗೆಲ್ಲ ಹೇಳಿಕೊಂಡು ಬಂದೆ. ಐದನೇ ದಿನ ಮಧ್ಯಾಹ್ನ ಅವಳು ಬಾಗಿಲು ತೆಗೆದು ನನ್ನ ಮುಖ ನೋಡಿದಳು. ಆರು.

ಯಾಕೆ ಹೀಗೆ ಅಂತ ಆಗ ಕೂತು ಓದಿದೆ. ನಾವು ವಾಸನೆ ಗಾಳಿಯಲ್ಲಿದೆ ಅಂದುಕೊಂಡಿರುತ್ತೇವೆ. ಅದು ಇರುವುದು ಮೈಮೇಲೆ, ಅಂದರೆ ಗ್ಲಾಸು, ಸೀಲಿಂಗು, ಸೀಟು, ಬೆಲ್ಟು ಇವುಗಳ ಮೈಮೇಲೆ. ಹೊಗೆಯ ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಎಲ್ಲಿ ಬೇಕಾದರೂ ನುಗ್ಗುತ್ತವೆ, ನುಗ್ಗಿದ ಕಡೆ ಡಾಂಬರಿನಂಥ ಜಿಡ್ಡಾಗಿ ಅಂಟುತ್ತವೆ. ಬಿಸಿಲಿಗೆ ಆ ಜಿಡ್ಡು ಕಾದರೆ ವಾಸನೆ ಬಿಡುತ್ತದೆ. ಓಜೋನ್ ಗಾಳಿಯಲ್ಲಿದ್ದದ್ದನ್ನೂ ಜಿಡ್ಡಿನ ಮೇಲ್ಪದರವನ್ನೂ ಸುಟ್ಟಿತು, ಅಡಿಯಲ್ಲಿದ್ದದ್ದು ಹಾಗೇ ಉಳಿಯಿತು. ಇದು ಬರೀ ಮೂಗಿನ ತೊಂದರೆಯೂ ಅಲ್ಲ. 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರು, ಮೇಲ್ಮೈಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೋಸಮೀನ್‌ಗಳಾಗುತ್ತದೆ ಅಂತ ತೋರಿಸಿದರು. ಸಿಗರೇಟು ಸೇದುವವರೊಬ್ಬರ ಗಾಡಿಯ ಒಳಮೈಯಲ್ಲೂ ಅದು ಸಿಕ್ಕಿತ್ತು. ಅದನ್ನು ಓದಿದ ಮೇಲೆ, ಹಿಂದಿನ ಸೀಟಲ್ಲಿ ನಿಂತು ಗ್ಲಾಸ್ ನೆಕ್ಕುವ ನನ್ನ ಮಗಳು ಕಣ್ಣ ಮುಂದೆ ಬಂದಳು.

ಮುಚ್ಚುವ ಮದ್ದೆಲ್ಲ ಬಿಟ್ಟು ಒರೆಸುವ ಕೆಲಸಕ್ಕೆ ಬಂದೆ.

ಅಡುಗೆ ಸೋಡಾ ಮೊದಲು. ರಾತ್ರಿ ಸೀಟಿನ ಮೇಲೆ, ಕಾರ್ಪೆಟ್ ಮೇಲೆ ಉದುರಿಸಿ, ಬ್ರಶ್‌ನಲ್ಲಿ ತಿಕ್ಕಿ, ಬೆಳಿಗ್ಗೆ ವ್ಯಾಕ್ಯೂಮ್ ಹೊಡೆದೆ. ಕಾರ್ಪೆಟ್ಟಿನ ಕಮಟು ವಾಸನೆ ಹೋಯಿತು, ಸಿಗರೇಟಿನದು ಅಷ್ಟಾಗಿ ಕದಲಲಿಲ್ಲ. ನಂಬರು ಐದು. ಸೋಡಾ ಕ್ಷಾರ, ನಿಕೋಟಿನ್ ಕೂಡ ಕ್ಷಾರವೇ. ಒಂದೇ ಪಾರ್ಟಿಯವರು, ಜಗಳ ಆಡುವುದಿಲ್ಲ. ಸೋಡಾ ಜಗಳ ಆಡುವುದು ಹುಳಿ ವಾಸನೆಯ ಜೊತೆ. ನಾನು ಮಾಡಿದ್ದು ಮಾರ್ಚ್ ಒಣಹವೆಯಲ್ಲಿ. ನಮ್ಮ ಮಲೆನಾಡಿನ ಜುಲೈನಲ್ಲಿ ಮಾಡಿದರೆ ಪುಡಿ ತೇವ ಹೀರಿ ಸೀಟಿಗೇ ಮೆತ್ತಿಕೊಳ್ಳುತ್ತದೆ.

ಕ್ಷಾರಕ್ಕೆ ಬೇಕಾದದ್ದು ಹುಳಿ. ಅದಕ್ಕೇ ವಿನೆಗರ್. ಗೋಬಿ ಮಂಚೂರಿಗೆ ಹಾಕುವ ಅದೇ ಬಿಳಿ ವಿನೆಗರ್, ಎರಡು ಬಾಟಲಿ, ನೂರು ರೂಪಾಯಿಯೊಳಗೆ. ನಿಕೋಟಿನ್ ಹುಳಿಯ ಜೊತೆ ಸೇರಿದರೆ ಲವಣವಾಗುತ್ತದೆ. ಗಾಳಿಗೆ ಹಾರುವುದಿಲ್ಲ, ನೀರಿನಲ್ಲಿ ಕರಗಿ ಬಟ್ಟೆಗೆ ಬರುತ್ತದೆ. ಜಿಡ್ಡು ಬಿಡಿಸಲು ಮೊದಲು ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒಂದು ಸುತ್ತು, ಆಮೇಲೆ ವಿನೆಗರ್ ನೀರು ಅರ್ಧಕ್ಕರ್ಧ ಸೇರಿಸಿ ಇನ್ನೊಂದು ಸುತ್ತು. ವಿನೆಗರ್‌ಗೆ ಸೋಡಾ ಸೇರಿಸಿ ನೊರೆ ಬರಿಸಿ ತೋರಿಸುವ ವಿಡಿಯೋ ನೋಡಿ ಮರುಳಾಗಬೇಡಿ. ಒಂದನ್ನೊಂದು ತಿಂದುಹಾಕಿ ಉಳಿಯುವುದು ಉಪ್ಪುನೀರಿನಂಥದ್ದು. ಬ್ಲೀಚಿಂಗ್ ಜೊತೆ ಅಂತೂ ಸೇರಿಸಲೇಬಾರದು, ಕ್ಲೋರಿನ್ ಗಾಳಿ ಏಳುತ್ತದೆ.

ಮುಂದಿನ ಗ್ಲಾಸಿನ ಒಳಮೈಗೆ ಬಿಳಿ ಬನಿಯನ್ ಬಟ್ಟೆ ಇಟ್ಟು ಒಂದು ಎಳೆ ಎಳೆದೆ. ಬಟ್ಟೆಯ ಮೇಲೆ ಅರಿಶಿನ ಹಚ್ಚಿದಂತೆ ಒಂದು ಪಟ್ಟೆ. ಸನ್ ವೈಸರ್ ಕೆಳಗಿಳಿಸಿ ನೋಡಿದೆ. ಅದು ಮುಚ್ಚಿಕೊಂಡಿದ್ದ ಜಾಗದ ಸೀಲಿಂಗ್ ಬಿಳಿ, ಅದರ ಪಕ್ಕದ್ದು ಹಳೆ ಪೇಪರಿನ ಬಣ್ಣ. ಎರಡು ತಿಂಗಳಿಂದ ತಲೆ ಮೇಲೇ ಇತ್ತು, ನೋಡಿರಲಿಲ್ಲ.

ಸೀಲಿಂಗ್‌ನಲ್ಲಿ ಹುಷಾರಾಗಿರಬೇಕು. ಅಲ್ಲಿ ಬಟ್ಟೆಯನ್ನು ತೆಳು ಸ್ಪಂಜಿನ ಜೊತೆ ಗಮ್ ಹಾಕಿ ಅಂಟಿಸಿರುತ್ತಾರೆ. ನೀರು ಜಾಸ್ತಿಯಾದರೆ ಗಮ್ ಬಿಟ್ಟು ಜೋಲುತ್ತದೆ. ಸ್ಪ್ರೇಯನ್ನು ಸೀಲಿಂಗಿಗೆ ಹೊಡೆಯಬಾರದು, ಬಟ್ಟೆಗೆ ಹೊಡೆದು, ಹಿಂಡಿ, ಒತ್ತಿ ಒತ್ತಿ ತೆಗೆಯಬೇಕು. ಮೂರು ಭಾನುವಾರ ಹಿಡಿಯಿತು. ಕತ್ತು ಹಿಡಿದುಕೊಂಡು ಸೋಮವಾರ ಆಫೀಸಿಗೆ ಹೋದೆ. ಮ್ಯೂಸಿಕ್ ಸಿಸ್ಟಮ್‌ನ ಸ್ಕ್ರೀನ್ ಮೇಲೆ ಮಾತ್ರ ವಿನೆಗರ್ ತಾಗಿಸಬೇಡಿ.

ನನಗೆ ಆಶ್ಚರ್ಯವಾಗಿದ್ದು ಸೀಟ್ ಬೆಲ್ಟ್. ಇದನ್ನು ಯಾರೂ ತೊಳೆಯುವುದಿಲ್ಲ. ಪೂರ್ತಿ ಹೊರಗೆ ಎಳೆದು, ವಾಪಸ್ ಹೋಗದಂತೆ ಮೇಲ್ಗಡೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ ಸಿಕ್ಕಿಸಿ, ಬೆಲ್ಟನ್ನು ಬಕೆಟ್ಟಿನ ಸೋಪಿನ ನೀರಲ್ಲಿ ಅದ್ದಿಟ್ಟೆ. ಹತ್ತು ನಿಮಿಷಕ್ಕೆ ನೀರು ಫಿಲ್ಟರ್ ಕಾಫಿ ಡಿಕಾಕ್ಷನ್. ಡ್ರೈವರ್ ಕಡೆಯದು ಮೂರು ನೀರು ಕೇಳಿತು. ಯೋಚಿಸಿ, ಆ ಬೆಲ್ಟು ನಮ್ಮ ಮೂಗಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೇ ಕ್ಲಿಪ್ ತೆಗೆದೆ. ಸೀಟು ಹಿಂದೆ ಸರಿಸಿದಾಗ ಕೆಳಗಿನ ಹಳಿಯಲ್ಲಿ ನಾಲ್ಕು ಸಿಗರೇಟು ತುಂಡು, ಒಂದು ಹಿಡಿ ಬೂದಿ. ಪರ್ಫ್ಯೂಮ್ ಹಾಕಿದವರಿಗೆ ಇಷ್ಟಾದರೂ ಗುಡಿಸಬಹುದಿತ್ತು.

ವಿನೆಗರ್‌ನ ಹುಳಿ ವಾಸನೆ ಒಂದೂವರೆ ದಿನಕ್ಕೆ ಹಾರಿಹೋಯಿತು. ನಂಬರು ಮೂರು.

ಆದರೂ ಏಸಿ ಹಾಕಿದ ಮೊದಲ ನಿಮಿಷ ಭುಸ್ಸಂತ ಹಳೆ ವಾಸನೆ ಬರುತ್ತಿತ್ತು. ಗ್ಲೋವ್ ಬಾಕ್ಸ್ ಇಳಿಸಿ ಹಿಂದಿದ್ದ ಕ್ಯಾಬಿನ್ ಫಿಲ್ಟರ್ ಎಳೆದೆ. ಬಿಳಿ ಇರಬೇಕಾದದ್ದು ಒಲೆ ಒರೆಸಿದ ಬಟ್ಟೆಯ ಹಾಗಿತ್ತು. ಹೊಸದು, ಇದ್ದಿಲಿನ ಪದರ ಇರುವುದು, 480 ರೂಪಾಯಿ. ಹಾಕುವ ಮೊದಲು ಏಸಿ ಕಾಯಿಲ್ ತೊಳೆಯುವ ನೊರೆಯ ಕ್ಯಾನ್ ಒಂದನ್ನು ಒಳಗೆ ಹೊಡೆದು ಇಪ್ಪತ್ತು ನಿಮಿಷ ಬಿಟ್ಟೆ. ಕಾರಿನಡಿ ತೊಟ್ಟಿಕ್ಕಿದ ನೀರು ಕಂದು ಬಣ್ಣದ್ದು. ಏಸಿ ತಣ್ಣಗಾದಾಗ ಕಾಯಿಲ್ ಮೇಲೆ ನೀರು ಕೂರುತ್ತದಲ್ಲ, ಹೊಗೆಯ ಜಿಡ್ಡು ಅದಕ್ಕೇ ಹೋಗಿ ಹಿಡಿಯುತ್ತದೆ. ಖರ್ಚಿಗೆ ಹೋಲಿಸಿದರೆ ಇಷ್ಟು ಬೇಗ ಫಲ ಕೊಟ್ಟದ್ದು ಬೇರೊಂದಿಲ್ಲ. ಅರ್ಧ ಗಂಟೆ ಕೆಲಸ, ಸಾವಿರದೊಳಗೆ ಖರ್ಚು. ಮೊದಲ ದಿನವೇ ಮಾಡಬೇಕಿತ್ತು. ಕೆಲವು ಹಳೆ ಗಾಡಿಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ, ಖಾಲಿ ಜಾಗ ಇರುತ್ತದೆ. ಒಮ್ಮೆ ತೆಗೆದು ನೋಡಿ.

ಸೀಟಿನ ಸ್ಪಂಜಿನವರೆಗೆ ನನ್ನ ಬನಿಯನ್ ಬಟ್ಟೆ ಇಳಿಯುವುದಿಲ್ಲ. ಅದಕ್ಕೆ ವಾಟರ್ ಸರ್ವಿಸ್ ಅಂಗಡಿಯಲ್ಲಿ 1,800 ಕೊಟ್ಟು ನೀರು ಹೊಡೆದು ಎಳೆದುಕೊಳ್ಳುವ ಮಷೀನಿನಲ್ಲಿ ಸೀಟು ತೊಳೆಸಿದೆ. ಸೀಟು ಚೆನ್ನಾಗಿ ಮಾಡಿದರು. ಸೀಲಿಂಗ್ ಮುಟ್ಟಲಿಲ್ಲ, "ಕಿತ್ಕೊಂಡು ಬರುತ್ತೆ ಅಣ್ಣ, ನಮ್ ತಲೆಗೆ ಬರುತ್ತೆ" ಅಂದ ಹುಡುಗ. ಅವನು ಹೇಳಿದ್ದು ಸರಿಯೇ. ಆದರೆ ಬಿಲ್ಲಿನಲ್ಲಿ ಫುಲ್ ಇಂಟೀರಿಯರ್ ಅಂತ ಬರೆದಿತ್ತು! ಈ ಕೆಲಸಕ್ಕೆ ದುಡ್ಡು ಕೊಡುವವರು ಸೀಲಿಂಗ್ ಸೇರಿದೆಯಾ ಅಂತ ಮೊದಲೇ ಕೇಳಿ.

ಇಷ್ಟೆಲ್ಲ ಆದ ಮೇಲೆ, ಏಪ್ರಿಲ್‌ನಲ್ಲಿ ಎರಡನೇ ಸಲ ಓಜೋನ್. ಅದೇ ಅಂಗಡಿ, ಅದೇ ಪೆಟ್ಟಿಗೆ, ಅದೇ ನಲವತ್ತು ನಿಮಿಷ. ಈ ಸಲ ನಂಬರು ಒಂದಕ್ಕೆ ಇಳಿಯಿತು, ಮತ್ತೆ ಏರಲಿಲ್ಲ. ಫೆಬ್ರವರಿಯ 1,200 ದಂಡ, ಏಪ್ರಿಲ್‌ನದು ಉಪಯೋಗವಾಯಿತು. ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರಿಗೂ ಆಗುವುದಿಲ್ಲ. ಮಷೀನ್ ಓಡುವಾಗ ಒಳಗೆ ಯಾರೂ ಇರಬಾರದು, ಮುಗಿದ ಮೇಲೆ ಬಾಗಿಲು ತೆಗೆದು ಎರಡು ಗಂಟೆ ಬಿಡಬೇಕು. ಗಾಳಿ ಶುದ್ಧ ಮಾಡುತ್ತೆ ಅಂತ ಮಾರುವ, ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಅಯೋನೈಜರ್ ಅಂತ ಒಂದು ಬರುತ್ತದೆ. ಅದನ್ನೂ ತಗೊಂಡಿದ್ದೆ. ನೀಲಿ ದೀಪ ಚೆನ್ನಾಗಿ ಉರಿಯುತ್ತದೆ.

ಉಳಿದಿರುವ ಆ ಒಂದು ನಂಬರು ಡ್ರೈವರ್ ಸೀಟಿನ ಬೆನ್ನಿನಲ್ಲಿದೆ ಅಂತ ಹೆಂಡತಿಯ ವಾದ. ನನಗಂತೂ ಬರುವುದಿಲ್ಲ.

ಮೇ ತಿಂಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೊರಟೆ. ಗಾಜನೂರು ದಾಟಿತು, ಮಂಡಗದ್ದೆ ದಾಟಿತು, ತೀರ್ಥಹಳ್ಳಿಯಲ್ಲಿ ಇಳಿದು ಕಾಫಿ ಕುಡಿದೆವು. ಅಮ್ಮನ ಸೆರಗು ಹೆಗಲ ಮೇಲೇ ಇತ್ತು. "ಈಗ ಪರವಾಗಿಲ್ಲ ಕಣೋ" ಅಂದರು. ಎಲೆ ಅಡಿಕೆಯನ್ನೂ ಹಾಕಿಕೊಂಡರು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ಏಳನೆಯದರಲ್ಲಿ ಅವರಿಗೆ ತಡೆಯಲಾಗಲಿಲ್ಲ, ಗ್ಲಾಸ್ ಇಳಿಸುವಷ್ಟೂ ಟೈಮ್ ಸಿಗಲಿಲ್ಲ. "ನಿನ್ನ ಕಾರಿನ ತಪ್ಪಲ್ಲ ಬಿಡು, ಘಾಟಿದು" ಅಂದರು.

ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದೆ. ಅಡುಗೆ ಸೋಡಾದ ಡಬ್ಬಿ ಇನ್ನೂ ಅರ್ಧ ಇತ್ತು. ಈ ಸಲ ವಾಸನೆ ಹುಳಿಯದ್ದು.